ಗರ್ಭಕೋಶ ತೆಗೆಸುವ ಮುನ್ನ ಕೇಳಬೇಕಾದ ಮಾತು

‘ಮಕ್ಕಳಾಗಿವೆಯಲ್ಲ, ಇನ್ನು ಅದ್ಯಾಕೆ? ತೆಗೆಸಿಬಿಡು.’

ಶಿರಾದ ಬಸ್ ನಿಲ್ದಾಣದಿಂದ ಪಾವಗಡದ ಕಡಲೆಕಾಯಿ ಹೊಲದವರೆಗೆ, ಮುಟ್ಟಿನ ತೊಂದರೆ ಹೇಳಿಕೊಂಡ ಹೆಣ್ಣುಮಗಳಿಗೆ ಸಿಗುವ ಮೊದಲ ಸಲಹೆ ಇದೇ. ಹೇಳುವವರು ಕೆಟ್ಟವರಲ್ಲ. ಅತ್ತಿಗೆ ಹೇಳುತ್ತಾಳೆ, ನೆರೆಮನೆಯವಳು ಹೇಳುತ್ತಾಳೆ, ಒಮ್ಮೊಮ್ಮೆ ಆಸ್ಪತ್ರೆಯಲ್ಲೂ ಕೇಳಿಬರುತ್ತದೆ. ತಿಂಗಳಿಗೆ ಹತ್ತು ದಿನ ರಕ್ತ ಹೋಗಿ ಕೂಲಿಗೆ ಹೋಗಲಾಗದವಳಿಗೆ ಅದು ಬಿಡುಗಡೆಯ ದಾರಿಯಂತೆಯೂ ಕಾಣುತ್ತದೆ. ಆದರೆ ಈ ಸಲಹೆಗೂ ಆಪರೇಷನ್ ಟೇಬಲ್ಲಿಗೂ ನಡುವೆ ಎಷ್ಟೋ ಪರೀಕ್ಷೆಗಳಿವೆ, ಎಷ್ಟೋ ಚಿಕಿತ್ಸೆಗಳಿವೆ. ಅವುಗಳ ಹೆಸರೇ ಗೊತ್ತಿಲ್ಲದಿದ್ದರೆ ಕೇಳುವುದು ಹೇಗೆ?

ತುಮಕೂರು ಜಿಲ್ಲೆಯ ಉತ್ತರಕ್ಕಿರುವ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಈ ನಾಲ್ಕು ತಾಲ್ಲೂಕುಗಳಿಗೆ ದೂರವೇ ಮೊದಲ ತೊಡಕು. ಕೊರಟಗೆರೆಯಿಂದ ತುಮಕೂರು ಸುಮಾರು 26 ಕಿಲೋಮೀಟರ್, ಮಧುಗಿರಿಯಿಂದ ನಲವತ್ತರ ಮೇಲೆ, ಶಿರಾದಿಂದ ಐವತ್ತರ ಆಸುಪಾಸು. ಪಾವಗಡದಿಂದಾದರೆ ನೂರು. ಹೀಗಾಗಿ ಮೂರು ಕಡೆ ಆಂಧ್ರ ಸುತ್ತುವರಿದಿರುವ ಪಾವಗಡದವರಿಗೆ ಹಿಂದೂಪುರವೋ ಅನಂತಪುರವೋ ಕೈಗೆ ಹತ್ತಿರ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕದಲ್ಲಿ ದೇಶದಲ್ಲೇ ಅತಿ ಹೆಚ್ಚು ಗರ್ಭಕೋಶ ತೆಗೆಯುವ ರಾಜ್ಯ ಆಂಧ್ರಪ್ರದೇಶ. ಭಾರತದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 3ರಷ್ಟು ಮಂದಿಗೆ ಈ ಶಸ್ತ್ರಚಿಕಿತ್ಸೆ ಆಗಿದ್ದರೆ, ಅಲ್ಲಿ ಶೇಕಡಾ 9ರ ಹತ್ತಿರ. ದೇಶದಲ್ಲಿ ಆದ ಈ ಶಸ್ತ್ರಚಿಕಿತ್ಸೆಗಳಲ್ಲಿ ಮೂರನೇ ಎರಡರಷ್ಟು ನಡೆದಿರುವುದು ಖಾಸಗಿ ಆಸ್ಪತ್ರೆಗಳಲ್ಲಿ. ಕರ್ನಾಟಕಕ್ಕೂ ಇದು ಹೊಸ ಕಥೆಯಲ್ಲ. 2015ರಲ್ಲಿ ಕಲಬುರಗಿಯಲ್ಲಿ ಅನವಶ್ಯಕವಾಗಿ ಗರ್ಭಕೋಶ ತೆಗೆದ ಪ್ರಕರಣಗಳು ಬಯಲಾದಾಗ ಬಲಿಯಾದವರಲ್ಲಿ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳೇ ಹೆಚ್ಚು. ಹಲವರಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಕರ್ನಾಟಕ ಜನಾರೋಗ್ಯ ಚಳವಳಿಯವರು ಅದರ ವಿರುದ್ಧ ಹೋರಾಡಿದರು. ಕೊನೆಗೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನವಶ್ಯಕ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಸರ್ಕಾರ ರೂಪಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಹೇಳಿತು.

ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡರು ಎಂಬ ಗಾದೆ ನಮ್ಮಲ್ಲಿದೆ. ಗರ್ಭಕೋಶದ ವಿಷಯದಲ್ಲಿ ಅದು ಗಾದೆಯಾಗಿ ಉಳಿಯದೆ ನಿಜವೇ ಆಗಿಬಿಟ್ಟಿದೆ.

ಸ್ತ್ರೀರೋಗ ತಜ್ಞರ ಮುಂದೆ ಕುಳಿತಾಗ ಮೊದಲು ಬೇಕಾದದ್ದು ಯಂತ್ರವಲ್ಲ, ಮಾತು. ಕಳೆದ ಮೂರು ತಿಂಗಳು ಮುಟ್ಟು ಯಾವ ದಿನ ಬಂತು, ಎಷ್ಟು ದಿನ ಇತ್ತು, ದಿನಕ್ಕೆ ಎಷ್ಟು ಬಟ್ಟೆ ಅಥವಾ ಪ್ಯಾಡ್ ಬದಲಿಸಬೇಕಾಯಿತು, ಗಟ್ಟಿ ಗಟ್ಟಿಯಾಗಿ ರಕ್ತದ ಉಂಡೆ ಹೋಯಿತೇ, ರಾತ್ರಿ ಎದ್ದು ಬಟ್ಟೆ ಬದಲಿಸಬೇಕಾಯಿತೇ ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಹೋದರೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ. ಕಷ್ಟವೆಂದರೆ, ಮುಟ್ಟಿನ ಲೆಕ್ಕ ಇಡುವುದನ್ನೇ ನಾಚಿಕೆಯೆಂದು ಕಲಿಸಿದ ನಾಡು ಇದು. ಈ ಸೀಮೆಯ ಹಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರೂ ಬಾಣಂತಿಯರೂ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ದಿನ ಕಳೆಯುವ ಪದ್ಧತಿ ಪೂರ್ತಿ ಹೋಗಿಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಊರ ಹೊರಗಿನ ಗುಡಿಸಲಿನಲ್ಲಿ ಬಾಣಂತಿಯ ಜೊತೆಗಿದ್ದ ಹಸುಗೂಸು ಮಳೆ ಚಳಿಗೆ ಸಿಕ್ಕಿ ತೀರಿಕೊಂಡಿತು. 2017ರ ಕರ್ನಾಟಕದ ಮೌಢ್ಯ ತಡೆ ಕಾಯ್ದೆಯ ಪ್ರಕಾರ ಹೀಗೆ ಹೊರಗಿಡುವುದು ಅಪರಾಧ. ಹೊರಗೆ ಕುಳಿತವಳ ರಕ್ತಸ್ರಾವ ಮನೆಯವರ ಕಣ್ಣಿಗೆ ಬೀಳುವುದೇ ಇಲ್ಲ. ಅವಳು ಆಸ್ಪತ್ರೆಗೆ ಬರುವ ಹೊತ್ತಿಗೆ ಕಣ್ಣುರೆಪ್ಪೆಯ ಒಳಭಾಗ ಬೆಳ್ಳಗಾಗಿರುತ್ತದೆ.

ಅದಕ್ಕೇ ಮೊದಲ ಪರೀಕ್ಷೆ ಹಿಮೋಗ್ಲೋಬಿನ್. ಗರ್ಭಿಣಿಯಲ್ಲದ ಹೆಣ್ಣಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ, 8ಕ್ಕಿಂತ ಕಡಿಮೆಯಾದರೆ ತೀವ್ರ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಜೊತೆಗೆ ಮೂತ್ರದಲ್ಲಿ ಗರ್ಭ ಪರೀಕ್ಷೆ. ನಲವತ್ತೈದರ ಹೆಂಗಸಿಗೂ ಮುಟ್ಟು ಏರುಪೇರಾದರೆ ಇದನ್ನು ಮಾಡಲೇಬೇಕು, ಅದರಲ್ಲಿ ಅವಮಾನವೇನಿಲ್ಲ. ಥೈರಾಯ್ಡ್ ಪರೀಕ್ಷೆಯೂ ಅಷ್ಟೇ ಮುಖ್ಯ. ಥೈರಾಯ್ಡ್ ಮಾತ್ರೆಯಿಂದಲೇ ಮುಟ್ಟು ಸರಿಹೋಗಬಹುದಾದವರೂ ಇದ್ದಾರೆ. ಆ ರಕ್ತಪರೀಕ್ಷೆ ಮಾಡದೆ ಅವರನ್ನು ಶಸ್ತ್ರಚಿಕಿತ್ಸೆಗೆ ಕಳಿಸುವುದು ಅನ್ಯಾಯ. ಒಳಪರೀಕ್ಷೆಗೆ ಒಪ್ಪುವ ಮುನ್ನ ಕೋಣೆಯಲ್ಲಿ ಒಬ್ಬ ನರ್ಸ್ ಅಥವಾ ಮನೆಯ ಹೆಂಗಸು ಇರಲಿ ಎಂದು ಕೇಳುವುದಕ್ಕೆ ಯಾರೂ ಹಿಂಜರಿಯಬೇಕಿಲ್ಲ.

ಆಮೇಲೆ ಸ್ಕ್ಯಾನಿಂಗ್. ಹೊಟ್ಟೆಯ ಮೇಲಿಂದ ಮಾಡುವ ಸ್ಕ್ಯಾನ್‌ಗೆ ಮೂತ್ರಕೋಶ ತುಂಬಿರಬೇಕು, ಅದಕ್ಕೇ ನೀರು ಕುಡಿದು ಕಾಯಿರಿ ಎನ್ನುತ್ತಾರೆ. ಯೋನಿಯ ಮೂಲಕ ಮಾಡುವ ಸ್ಕ್ಯಾನ್‌ಗೆ ಮೂತ್ರಕೋಶ ಖಾಲಿ ಇರಬೇಕು. ಎರಡನೆಯದರಲ್ಲಿ ಗರ್ಭಕೋಶದ ಒಳಪದರವೂ ಅಂಡಾಶಯವೂ ಹೆಚ್ಚು ಸ್ಪಷ್ಟ. ಮದುವೆಯಾಗದವರಿಗೆ ಸಾಮಾನ್ಯವಾಗಿ ಹೊಟ್ಟೆಯ ಮೇಲಿಂದಲೇ ಮಾಡುತ್ತಾರೆ.

ಸ್ಕ್ಯಾನ್ ವರದಿ ಕೈಗೆ ಬಂದಾಗಲೇ ಭಯ ಶುರುವಾಗುವುದು. ‘ಬಲ್ಕಿ ಯುಟರಸ್’ ಎಂದು ಬರೆದಿದ್ದರೆ ಗರ್ಭಕೋಶ ಊದಿಕೊಂಡಿದೆ, ಒಡೆದುಹೋಗುತ್ತದೆ ಎಂದು ಹೆದರಿ ಬಸ್ ಹತ್ತಿದವರುಂಟು. ಅದು ರೋಗದ ಹೆಸರೇ ಅಲ್ಲ. ಎರಡು ಮೂರು ಹೆತ್ತವಳ ಗರ್ಭಕೋಶ ತುಸು ದೊಡ್ಡದಿರುವುದು ಸಹಜ. ‘ಫೈಬ್ರಾಯ್ಡ್’ ಎಂದರೆ ಗರ್ಭಕೋಶದ ಸ್ನಾಯುವಿನಲ್ಲಿ ಬೆಳೆಯುವ ಗಡ್ಡೆ. ಅದು ಕ್ಯಾನ್ಸರ್ ಆಗುವುದು ತೀರಾ ಅಪರೂಪ. ತೊಂದರೆಯನ್ನೇ ಕೊಡದ ಸಣ್ಣ ಗಡ್ಡೆಗೆ ಚಿಕಿತ್ಸೆಯೇ ಬೇಡ, ಮುಟ್ಟು ನಿಂತ ಮೇಲೆ ಅದು ತಾನೇ ಕುಗ್ಗುತ್ತದೆ. ಅಂಡಾಶಯದಲ್ಲಿ ‘ಸಿಸ್ಟ್’ ಅಂದರೆ ನೀರುಗುಳ್ಳೆ ಕಂಡರೂ ಅಷ್ಟೇ. ಪ್ರತಿ ತಿಂಗಳು ಅಂಡಾಣು ಬಲಿಯುವಾಗಲೇ ಒಂದು ನೀರುಗುಳ್ಳೆ ಏಳುತ್ತದೆ. ಹರೆಯದವರಲ್ಲಿ ಸಣ್ಣ, ಬರೀ ನೀರಿನ ಗುಳ್ಳೆಯಾದರೆ ಎರಡು ಮೂರು ತಿಂಗಳು ಬಿಟ್ಟು ಮತ್ತೆ ನೋಡುವುದೇ ಸರಿಯಾದ ಕ್ರಮ. ಗುಳ್ಳೆಯೊಳಗೆ ಗಟ್ಟಿ ಭಾಗ ಇದ್ದರೆ, ಹೊಟ್ಟೆಯಲ್ಲಿ ನೀರು ತುಂಬಿದ್ದರೆ, ಮುಟ್ಟು ನಿಂತವಳಲ್ಲಿ ಹೊಸದಾಗಿ ಗಡ್ಡೆ ಕಂಡರೆ ಮಾತ್ರ ತಡ ಮಾಡುವಂತಿಲ್ಲ.

ಅತಿ ರಕ್ತಸ್ರಾವಕ್ಕೆ ಕಾರಣ ಹುಡುಕಲು ಅಂತರರಾಷ್ಟ್ರೀಯ ಪ್ರಸೂತಿ ಮತ್ತು ಸ್ತ್ರೀರೋಗ ಒಕ್ಕೂಟ 2011ರಲ್ಲಿ ಒಂಬತ್ತು ಕಾರಣಗಳ ಪಟ್ಟಿ ಕೊಟ್ಟಿತು. ಇಂದು ಲೋಕದ ಎಲ್ಲೆಡೆ ತಜ್ಞರು ಅದನ್ನೇ ಬಳಸುತ್ತಾರೆ. ಅದರಲ್ಲಿ ನಾಲ್ಕು, ಅಂದರೆ ಒಳಪದರದ ಪಾಲಿಪ್, ಸ್ನಾಯುವಿನೊಳಗೆ ಒಳಪದರ ಹೊಕ್ಕ ಅಡಿನೊಮಯೋಸಿಸ್, ಫೈಬ್ರಾಯ್ಡ್, ಕ್ಯಾನ್ಸರ್ ಅಥವಾ ಅದರ ಮುನ್ನಿನ ಬದಲಾವಣೆ, ಸ್ಕ್ಯಾನ್ ಇಲ್ಲವೇ ಬಯಾಪ್ಸಿಯಲ್ಲಿ ಕಾಣುವಂಥವು. ಉಳಿದ ಐದು ಚಿತ್ರದಲ್ಲಿ ಕಾಣುವುದಿಲ್ಲ. ರಕ್ತ ಹೆಪ್ಪುಗಟ್ಟದ ಕಾಯಿಲೆ, ಅಂಡಾಣು ಸರಿಯಾಗಿ ಬಿಡುಗಡೆಯಾಗದಿರುವುದು, ನುಂಗುತ್ತಿರುವ ಬೇರೆ ಮಾತ್ರೆ ಇಂಥವು. ಮೈನೆರೆದ ಮೊದಲ ವರ್ಷಗಳಲ್ಲೇ ವಿಪರೀತ ರಕ್ತ ಹೋಗುವ ಹುಡುಗಿಗೆ ಹೆಪ್ಪುಗಟ್ಟುವ ಪರೀಕ್ಷೆ ಮಾಡಿಸಲೇಬೇಕು ಎಂಬುದು ಇದರಿಂದಲೇ ಹೊರಡುವ ಮಾತು.

ಕಾರಣ ತಿಳಿದ ಮೇಲೆ ಚಿಕಿತ್ಸೆಯ ಮೆಟ್ಟಿಲುಗಳು. ಕೆಳಗಿನ ಮೆಟ್ಟಿಲಲ್ಲಿ ಟ್ರಾನೆಕ್ಸಾಮಿಕ್ ಆಮ್ಲ, ಮೆಫೆನಾಮಿಕ್ ಆಮ್ಲದ ಮಾತ್ರೆ. ರಕ್ತ ಹೆಚ್ಚು ಹೋಗುವ ದಿನಗಳಲ್ಲಿ ಮಾತ್ರ ನುಂಗಬೇಕು. ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರು ಮೊದಲನೆಯದನ್ನು ತೆಗೆದುಕೊಳ್ಳಬಾರದು, ಹೊಟ್ಟೆಹುಣ್ಣು ಇದ್ದವರಿಗೆ ಎರಡನೆಯದು ಆಗದು, ಅದನ್ನು ವೈದ್ಯರಿಗೆ ಹೇಳಬೇಕು. ಮುಂದಿನ ಮೆಟ್ಟಿಲಲ್ಲಿ ಹಾರ್ಮೋನ್ ಮಾತ್ರೆ. ಅದರ ಮೇಲೆ ಹಾರ್ಮೋನ್ ಲೂಪ್. ಲಿವೊನೊರ್ಜೆಸ್ಟ್ರೆಲ್ ಎಂಬ ಹಾರ್ಮೋನನ್ನು ಗರ್ಭಕೋಶದೊಳಗೇ ಸ್ವಲ್ಪ ಸ್ವಲ್ಪವಾಗಿ ಬಿಡುವ ಈ ಸಾಧನವನ್ನು ಹೊರರೋಗಿ ವಿಭಾಗದಲ್ಲೇ ಕೆಲವು ನಿಮಿಷಗಳಲ್ಲಿ ಹಾಕಬಹುದು. ಐದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಕೆಲಸ ಮಾಡುತ್ತದೆ, ರಕ್ತಸ್ರಾವವನ್ನು ಬಹುಪಾಲು ಇಳಿಸುತ್ತದೆ. ಇಲ್ಲೊಂದು ಗೊಂದಲ ಬಿಡಿಸಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಹಾಕುವ ಕಾಪರ್-ಟಿ ಬೇರೆ, ಇದು ಬೇರೆ. ಕಾಪರ್-ಟಿ ಗರ್ಭನಿರೋಧಕ, ಅದರಿಂದ ಕೆಲವರಿಗೆ ರಕ್ತ ಇನ್ನೂ ಹೆಚ್ಚೇ ಹೋಗಬಹುದು. ಎರಡಕ್ಕೂ ‘ಲೂಪ್’ ಎಂದೇ ಕರೆಯುವುದರಿಂದ ‘ಅಯ್ಯೋ, ಹಾಕಿಸಿಕೊಂಡವಳಿಗೆ ಇನ್ನೂ ಜಾಸ್ತಿಯಾಯ್ತಂತೆ’ ಎಂಬ ಸುದ್ದಿ ಊರೆಲ್ಲ ಹಬ್ಬಿ, ಬೇಕಾದವಳೂ ಬೇಡವೆನ್ನುತ್ತಾಳೆ.

ಪಾಲಿಪ್ ಅಥವಾ ಗರ್ಭಕೋಶದ ಒಳಕ್ಕೆ ಚಾಚಿದ ಗಡ್ಡೆಯಾದರೆ ಹಿಸ್ಟೆರೋಸ್ಕೋಪಿ ಇದೆ. ಯೋನಿಯ ಮೂಲಕ ತೆಳ್ಳನೆಯ ದುರ್ಬೀನು ಹಾಯಿಸಿ, ಹೊಟ್ಟೆಯ ಮೇಲೆ ಒಂದು ಹೊಲಿಗೆಯೂ ಇಲ್ಲದೆ ಅದನ್ನು ಕತ್ತರಿಸಿ ತೆಗೆಯುವ ವಿಧಾನ. ಮಕ್ಕಳು ಬೇಕಾದವರಿಗೆ ಗರ್ಭಕೋಶ ಉಳಿಸಿ ಗಡ್ಡೆ ಮಾತ್ರ ತೆಗೆಯುವ ಮಯೋಮೆಕ್ಟಮಿ. ಗಡ್ಡೆಗೆ ಹೋಗುವ ರಕ್ತನಾಳವನ್ನು ಮುಚ್ಚುವ ಎಂಬೊಲೈಸೇಷನ್ ಬೆಂಗಳೂರಿನಂಥ ಊರುಗಳಲ್ಲಿ ಸಿಗುತ್ತದೆ. ಇಷ್ಟೆಲ್ಲ ಆದ ಮೇಲೆ, ಇವು ಯಾವುವೂ ಹೊಂದದಿದ್ದಾಗ, ಕೊನೆಯ ಮೆಟ್ಟಿಲು ಗರ್ಭಕೋಶ ತೆಗೆಯುವುದು.

ಒಂದು ಸಂದರ್ಭದಲ್ಲಿ ಮಾತ್ರ ಕಾಯುವ ಮಾತೇ ಇಲ್ಲ. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದೇ ಒಂದು ಹನಿ ರಕ್ತ ಕಂಡರೂ ಆ ವಾರವೇ ಸ್ತ್ರೀರೋಗ ತಜ್ಞರನ್ನು ನೋಡಬೇಕು. ‘ಮತ್ತೆ ಹರೆಯ ಬಂತು’ ಎಂದು ನಗಾಡಿ ಬಿಡುವ ವಿಷಯವಲ್ಲ ಅದು. ಸ್ಕ್ಯಾನ್‌ನಲ್ಲಿ ಒಳಪದರ 4 ಮಿಲಿಮೀಟರಿಗಿಂತ ದಪ್ಪವಿದ್ದರೆ ಅದರ ಚೂರನ್ನು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಇದೇ ಎಂಡೊಮೆಟ್ರಿಯಲ್ ಬಯಾಪ್ಸಿ. ತೆಳ್ಳನೆಯ ಕೊಳವೆಯಿಂದ ಅರಿವಳಿಕೆ ಇಲ್ಲದೆಯೂ ಮಾಡಬಹುದು, ಮುಟ್ಟಿನ ನೋವಿನಂಥ ಹಿಡಿತ ಕೆಲ ನಿಮಿಷ ಇರುತ್ತದೆ. ನಲವತ್ತು ದಾಟಿದವರಿಗೆ ಅತಿಯಾಗಿ ಅಥವಾ ಅಡ್ಡಾದಿಡ್ಡಿಯಾಗಿ ರಕ್ತ ಹೋಗುತ್ತಿದ್ದರೂ ಈ ಪರೀಕ್ಷೆ ಬೇಕು. ಗರ್ಭಕೋಶದ ಒಳಪದರವನ್ನು ಕೆರೆದು ತೆಗೆಯುವ ‘ಡಿ ಅಂಡ್ ಸಿ’ ಮಾಡಿಸಿಕೊಂಡವರು ತೆಗೆದ ಭಾಗವನ್ನು ಲ್ಯಾಬಿಗೆ ಕಳಿಸಿದರೇ ಎಂದು ಕೇಳಲೇಬೇಕು. ಕಳಿಸದಿದ್ದರೆ ಆ ಕೆಲಸದ ಅರ್ಧ ಪ್ರಯೋಜನ ಹೋಯಿತು.

ಬಿಳಿಸೆರಗಿನ ಭಯ ಬೇರೆಯದು. ‘ಗರ್ಭಕೋಶದ ಬಾಯಲ್ಲಿ ಹುಣ್ಣಿದೆ, ಹೀಗೇ ಬಿಟ್ಟರೆ ಕ್ಯಾನ್ಸರ್ ಆಗುತ್ತೆ’ ಎಂಬ ಒಂದು ವಾಕ್ಯ ಎಷ್ಟೋ ಹೆಣ್ಣುಮಕ್ಕಳನ್ನು ಸಾಲ ಮಾಡಿಸಿ ಆಪರೇಷನ್‌ಗೆ ತಳ್ಳಿದೆ. ‘ಎರೋಷನ್’ ಎಂದು ಬರೆಯುವ ಆ ಕೆಂಪು, ಬಹಳ ಸಲ ಹುಣ್ಣೇ ಅಲ್ಲ. ಒಳಗಿನ ಮೃದು ಪದರ ಹೊರಗೆ ಕಾಣುವ ಸಹಜ ಸ್ಥಿತಿ. ವಾಸನೆ, ತುರಿಕೆ, ಹಳದಿ ಹಸಿರು ಬಣ್ಣ, ಕೆಳಹೊಟ್ಟೆ ನೋವು ಇದ್ದರೆ ಅದು ಸಾಮಾನ್ಯವಾಗಿ ಸೋಂಕು, ಮಾತ್ರೆಯಿಂದ ವಾಸಿಯಾಗುತ್ತದೆ. ಕೆಲವು ಸೋಂಕುಗಳಿಗೆ ಗಂಡನೂ ಮಾತ್ರೆ ನುಂಗಬೇಕು. ಇಲ್ಲದಿದ್ದರೆ ಹೋದದ್ದು ಮತ್ತೆ ಬರುತ್ತದೆ.

ಕ್ಯಾನ್ಸರ್ ಇದೆಯೋ ಇಲ್ಲವೋ ಎಂಬುದಕ್ಕೆ ಪರೀಕ್ಷೆಯೇ ಇದೆ, ಊಹೆ ಬೇಕಿಲ್ಲ. ಭಾರತದಲ್ಲಿ 2022ರ ಅಂದಾಜಿನಂತೆ ವರ್ಷಕ್ಕೆ ಸುಮಾರು 1.27 ಲಕ್ಷ ಹೆಣ್ಣುಮಕ್ಕಳಿಗೆ ಗರ್ಭಕೊರಳಿನ, ಅಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರ್ ಹೊಸದಾಗಿ ಕಾಣಿಸಿಕೊಳ್ಳುತ್ತದೆ, ಸುಮಾರು 80 ಸಾವಿರ ಮಂದಿ ಸಾಯುತ್ತಾರೆ. ಆದರೂ 30ರಿಂದ 49 ವಯಸ್ಸಿನವರಲ್ಲಿ ಒಮ್ಮೆಯಾದರೂ ತಪಾಸಣೆ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇಲ್ಲ. ಅತಿ ಸರಳವಾದದ್ದು ವಿಐಎ. ಗರ್ಭಕೊರಳಿಗೆ ತೆಳುವಾದ ಅಸಿಟಿಕ್ ಆಮ್ಲ, ಅಂದರೆ ವಿನೆಗರಿನಲ್ಲಿರುವ ಹುಳಿ, ಹಚ್ಚಿ ಒಂದು ನಿಮಿಷ ಕಾದು ನೋಡುತ್ತಾರೆ. ಬಿಳಿ ಕಲೆ ಎದ್ದರೆ ಮುಂದಿನ ಪರೀಕ್ಷೆ. ಮೂವತ್ತು ದಾಟಿದವರಿಗೆ ಸರ್ಕಾರಿ ವ್ಯವಸ್ಥೆಯಲ್ಲಿ ಇದು ಉಚಿತ, ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಿನ ತಿಳಿಯುತ್ತದೆ. ಪ್ಯಾಪ್ ಸ್ಮಿಯರ್‌ಗೆ ಹೋಗುವವರು ಮುಟ್ಟಿನ ದಿನ ತಪ್ಪಿಸಿ, ಎರಡು ದಿನ ಮೊದಲಿನಿಂದ ಲೈಂಗಿಕ ಸಂಪರ್ಕವನ್ನೂ ಯೋನಿಯಲ್ಲಿಡುವ ಮಾತ್ರೆಗಳನ್ನೂ ಬಿಟ್ಟಿರಬೇಕು. ಈ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಾಣುವಿನ ಪರೀಕ್ಷೆ ಇನ್ನೂ ನಿಖರ. ಇವುಗಳಲ್ಲಿ ಸಂಶಯ ಬಂದರೆ ಕಾಲ್ಪೊಸ್ಕೋಪಿ ಎಂಬ ದೊಡ್ಡದಾಗಿ ಕಾಣಿಸುವ ಯಂತ್ರದಲ್ಲಿ ನೋಡಿ ಚೂರು ತೆಗೆಯುತ್ತಾರೆ. ಕ್ಯಾನ್ಸರಿಗೆ ಮುಂಚಿನ ಹಂತವಾದರೆ ಆ ಭಾಗವನ್ನಷ್ಟೇ ಶೈತ್ಯದಿಂದ, ಶಾಖದಿಂದ ಅಥವಾ ವಿದ್ಯುತ್ ತಂತಿಯ ಕುಣಿಕೆಯಿಂದ ತೆಗೆದು ಗರ್ಭಕೋಶ ಉಳಿಸಬಹುದು. 9ರಿಂದ 14 ವಯಸ್ಸಿನ ಹೆಣ್ಣುಮಕ್ಕಳಿಗೆ ಆ ವೈರಾಣುವಿನ ವಿರುದ್ಧ ಲಸಿಕೆಯೂ ಇದೆ, ಪುಣೆಯ ಸೀರಂ ಸಂಸ್ಥೆಯ ‘ಸರ್ವಾವ್ಯಾಕ್’ ನಮ್ಮ ದೇಶದ್ದೇ.

ಗರ್ಭಕೋಶ ಜಾರುವುದನ್ನು ಹಳ್ಳಿಯ ಹೆಂಗಸರು ಯಾರಿಗೂ ಹೇಳುವುದಿಲ್ಲ. ಹೆರಿಗೆಯಾದ ಕೆಲವೇ ವಾರಕ್ಕೆ ನೀರು ಹೊತ್ತವರು, ಹೊರೆ ಹೊತ್ತವರು ಮುಂದೆ ಇಪ್ಪತ್ತು ಮೂವತ್ತು ವರ್ಷ ಅದನ್ನು ಹಾಗೇ ಸಹಿಸುತ್ತಾರೆ. ಕೆಮ್ಮಿದರೆ ಮೂತ್ರ ಹೋಗುವುದು, ಏನೋ ಕೆಳಗೆ ಇಳಿದಂತಾಗುವುದು ಅದರ ಗುರುತು. ಮೊದಲ ಹಂತದಲ್ಲಿ ತಳದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮ ನೆರವಾಗುತ್ತದೆ. ಶಸ್ತ್ರಚಿಕಿತ್ಸೆ ಬೇಡವೆನ್ನುವವರಿಗೂ ಹೃದಯ ಅಥವಾ ಸಕ್ಕರೆ ಕಾಯಿಲೆಯಿಂದ ಅದಕ್ಕೆ ಆಗದವರಿಗೂ ಪೆಸರಿ ಎಂಬ ಸಿಲಿಕೋನ್ ಬಳೆ ಇದೆ. ಅದನ್ನು ಆಗಾಗ ತೆಗೆದು ತೊಳೆದು ಹಾಕಬೇಕು. ಪೂರ್ತಿ ಹೊರಬಂದಿದ್ದರೆ ಯೋನಿಯ ಮೂಲಕವೇ ಶಸ್ತ್ರಚಿಕಿತ್ಸೆ.

ಮಕ್ಕಳಾಗದ ವಿಷಯಕ್ಕೆ ಬಂದರೆ ಒಂದು ಮಾತು ಖಡಾಖಂಡಿತ. ಹೆಂಡತಿಗೆ ಚುಚ್ಚಿ ಚುಚ್ಚಿ ಪರೀಕ್ಷೆ ಮಾಡುವ ಮುನ್ನ ಗಂಡನ ವೀರ್ಯ ಪರೀಕ್ಷೆ ಆಗಬೇಕು. ಎರಡರಿಂದ ಏಳು ದಿನ ಸ್ಖಲನವಿಲ್ಲದೆ ಇದ್ದು ಮಾದರಿ ಕೊಟ್ಟರೆ ಸಾಕು, ನೋವಿಲ್ಲ, ಖರ್ಚೂ ಕಡಿಮೆ. ಗರ್ಭನಾಳ ತೆರೆದಿದೆಯೇ ಎಂದು ನೋಡುವ ಎಚ್‌ಎಸ್‌ಜಿ ಎಕ್ಸ್‌ರೇ ಮುಟ್ಟು ನಿಂತ ಮೇಲೆ, ಹತ್ತನೇ ದಿನದೊಳಗೆ ಆಗಬೇಕು. ನಾಳ ಮುಚ್ಚಿದ್ದರೆ ಕ್ಷಯದ ಸಂಶಯವನ್ನೂ ಪರಿಶೀಲಿಸಬೇಕು, ನಮ್ಮ ದೇಶದಲ್ಲಿ ಅದು ಬಂಜೆತನಕ್ಕೆ ಮುಖ್ಯ ಕಾರಣಗಳಲ್ಲೊಂದು, ಅದರ ಔಷಧ ಸರ್ಕಾರದಿಂದ ಉಚಿತ. ಪ್ರಣಾಳ ಶಿಶುವಿನ ಕೇಂದ್ರಕ್ಕೆ ಹೋಗುವವರು 2021ರ ಕಾಯ್ದೆಯಡಿ ಅದು ನೋಂದಣಿಯಾಗಿದೆಯೇ ಎಂದು ಮೊದಲು ನೋಡಬೇಕು.

ಮುಟ್ಟು ತಪ್ಪಿ ಒಂದು ಬದಿಗೆ ಹೊಟ್ಟೆನೋವು, ತಲೆಸುತ್ತು, ಸ್ವಲ್ಪ ರಕ್ತ ಕಂಡರೆ ಅದು ನಾಳದಲ್ಲೇ ಕಟ್ಟಿದ ಗರ್ಭ ಇರಬಹುದು. ಒಡೆದರೆ ಗಂಟೆಗಳಲ್ಲಿ ಪ್ರಾಣಕ್ಕೆ ಬರುತ್ತದೆ. ಔಷಧಿ ಅಂಗಡಿಯಿಂದ ಗರ್ಭಪಾತದ ಮಾತ್ರೆ ತಂದು ಸ್ಕ್ಯಾನ್ ಇಲ್ಲದೆ ನುಂಗುವವರಿಗೆ ಇರುವ ದೊಡ್ಡ ಅಪಾಯ ಇದೇ. ಗರ್ಭಪಾತ ಕಾನೂನುಬದ್ಧ. ಕಾನೂನು ಹೇಳುವ ಕಾರಣಗಳಿದ್ದರೆ 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು, 18 ತುಂಬಿದವಳಿಗೆ ಅವಳ ಒಪ್ಪಿಗೆಯಷ್ಟೇ ಸಾಕು, ಗಂಡನ ಸಹಿ ಬೇಕಿಲ್ಲ. ತುರ್ತಿನಲ್ಲಿ 108ಕ್ಕೆ ಕರೆ ಮಾಡಬೇಕು. ಕಾಗದ ಪತ್ರ ಹುಡುಕುತ್ತ ಕೂರಬಾರದು. 2022ರ ನವೆಂಬರಿನಲ್ಲಿ ತುಮಕೂರಿನ ಜಿಲ್ಲಾಸ್ಪತ್ರೆಯಲ್ಲಿ ತಾಯಿ ಕಾರ್ಡ್ ಇಲ್ಲವೆಂದು ವಾಪಸಾದ ಗರ್ಭಿಣಿಯೊಬ್ಬರು ಮನೆಯಲ್ಲೇ ಹೆತ್ತು, ಅವಳಿ ಮಕ್ಕಳೊಂದಿಗೆ ತೀರಿಕೊಂಡ ಸುದ್ದಿ ರಾಜ್ಯವನ್ನೇ ಕಲಕಿತು. ದಾಖಲೆ ಇಲ್ಲವೆಂದು ತುರ್ತು ಚಿಕಿತ್ಸೆ ನಿರಾಕರಿಸುವಂತಿಲ್ಲ ಎಂಬುದನ್ನು ಆಸ್ಪತ್ರೆಯ ಬಾಗಿಲಲ್ಲಿ ನಿಂತವರು ಗಟ್ಟಿಯಾಗಿ ಹೇಳಬೇಕು.

ಶಸ್ತ್ರಚಿಕಿತ್ಸೆ ನಿಜವಾಗಿ ಬೇಕಾದವರೂ ಇದ್ದಾರೆ. ಕ್ಯಾನ್ಸರ್, ಹೊಟ್ಟೆ ತುಂಬ ಬೆಳೆದ ಗಡ್ಡೆ, ಯಾವ ಔಷಧಿಗೂ ಜಗ್ಗದ ರಕ್ತಸ್ರಾವ ಇದ್ದವರಿಗೆ ಅದು ಜೀವ ಉಳಿಸುವ ಕೆಲಸ. ಅಂಥವರು ಕೇಳಬೇಕಾದ್ದು ಇಷ್ಟು. ನನ್ನ ರೋಗದ ಹೆಸರೇನು? ಬಯಾಪ್ಸಿ ಏನು ಹೇಳಿತು? ಬೇರೆ ಚಿಕಿತ್ಸೆ ಏಕೆ ಆಗುವುದಿಲ್ಲ? ಯೋನಿಯ ಮೂಲಕವೋ, ಲ್ಯಾಪರೋಸ್ಕೋಪಿಯೋ, ಹೊಟ್ಟೆ ಕೊಯ್ದೋ? ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ಅಂಡಾಶಯವನ್ನೂ ತೆಗೆಯುತ್ತೀರಾ? ಮೂವತ್ತೈದರಲ್ಲಿ ಅಂಡಾಶಯ ಹೋದರೆ ಮಾರನೇ ದಿನದಿಂದಲೇ ಮುಟ್ಟು ನಿಂತವರ ಸ್ಥಿತಿ. ಮೈಯುರಿ, ನಿದ್ದೆಗೇಡು, ಬೇಗ ಸವೆಯುವ ಮೂಳೆ, ಹೃದ್ರೋಗದ ಅಪಾಯ. ಸೊಂಟ ನೋವಿಗೆಂದು ಗರ್ಭಕೋಶ ತೆಗೆಸಿದವರು ಸೊಂಟ ನೋವನ್ನು ಇಟ್ಟುಕೊಂಡೇ ಮನೆಗೆ ಬರುತ್ತಾರೆ. ಬೆನ್ನುಮೂಳೆಯ ನೋವಿಗೂ ಗರ್ಭಕೋಶಕ್ಕೂ ಬಹಳ ಸಲ ಸಂಬಂಧವೇ ಇರುವುದಿಲ್ಲ. ತುರ್ತಿಲ್ಲದಿದ್ದರೆ ತುಮಕೂರಿನ ಜಿಲ್ಲಾಸ್ಪತ್ರೆಯಲ್ಲೋ ಬೆಂಗಳೂರಿನ ವಾಣಿವಿಲಾಸದಲ್ಲೋ ಇನ್ನೊಬ್ಬ ತಜ್ಞರ ಮಾತು ಕೇಳಲು ಒಂದು ದಿನದ ಕೂಲಿ ಹೋದರೂ ನಷ್ಟವಿಲ್ಲ.

ದುಡ್ಡಿನ ವಿಷಯ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆದರೆ ತುರ್ತು ಚಿಕಿತ್ಸೆ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ನೇರ ಹೋದರೆ ಆಗುವುದಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ ಪಡೆಯಬೇಕು. ರಾಜ್ಯದ ಹೊರಗಿನ ಆಸ್ಪತ್ರೆಗೆ ಹೋಗುವ ಪಾವಗಡದವರು ಈ ಯೋಜನೆ ಅಲ್ಲಿ ನಡೆಯುತ್ತದೆಯೇ ಎಂದು ಹೋಗುವ ಮುನ್ನವೇ ವಿಚಾರಿಸಿಕೊಳ್ಳಬೇಕು. ಅನ್ಯಾಯವಾದರೆ ಖಾಸಗಿ ಆಸ್ಪತ್ರೆಗಳ ಮೇಲಿನ ದೂರನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ಕೊಡಬಹುದು. ಕೇಳಿದ 72 ಗಂಟೆಯೊಳಗೆ ಚಿಕಿತ್ಸೆಯ ದಾಖಲೆಗಳ ಪ್ರತಿ ಕೊಡುವುದು ವೈದ್ಯರ ಕರ್ತವ್ಯ.

ಆಪರೇಷನ್ ಆದ ಮೇಲಿನ ಮೊದಲ ದಿನಗಳು ಎಷ್ಟು ಅಪಾಯದವು ಎಂಬುದನ್ನು ಪಾವಗಡ ಮರೆಯಲಾರದು. 2023ರ ಫೆಬ್ರವರಿಯಲ್ಲಿ ಅಲ್ಲಿನ ಸರ್ಕಾರಿ ತಾಯಿ-ಮಕ್ಕಳ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಮೂವರು ಮುಂದಿನ ದಿನಗಳಲ್ಲಿ ತೀರಿಕೊಂಡರು. ಸೋಂಕಿನ ಶಂಕೆಯ ಮೇಲೆ ತನಿಖೆ ನಡೆಯಿತು, ಸಿಬ್ಬಂದಿಯ ಮೇಲೆ ಕ್ರಮವಾಯಿತು. ಸಂತಾನಹರಣವಿರಲಿ, ಸಿಜೇರಿಯನ್ ಇರಲಿ, ಗರ್ಭಕೋಶದ ಶಸ್ತ್ರಚಿಕಿತ್ಸೆ ಇರಲಿ, ಜ್ವರ, ಹೊಟ್ಟೆ ಉಬ್ಬರ, ನಿಲ್ಲದ ವಾಂತಿ, ದುರ್ವಾಸನೆಯ ಸ್ರಾವ, ಹೊಲಿಗೆಯಿಂದ ಕೀವು, ಒಂದೇ ಕಾಲಿನ ಊತ, ಉಸಿರುಕಟ್ಟುವುದು ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಹೊರಡಬೇಕು. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗಲೇ ಯಾರಿಗೆ ಕರೆ ಮಾಡಬೇಕೆಂದು ಚೀಟಿಯ ಮೇಲೆ ಬರೆಸಿಕೊಂಡಿರಬೇಕು.

ಇನ್ನೊಂದು ಕಾಗದವನ್ನು ಹೆಚ್ಚಿನವರು ಪಡೆಯುವುದೇ ಇಲ್ಲ. ತೆಗೆದ ಗರ್ಭಕೋಶವನ್ನು ಲ್ಯಾಬಿಗೆ ಕಳಿಸಿದ ಮೇಲೆ ಅದರ ವರದಿ ಬರಲು ಒಂದು ವಾರ ಹತ್ತು ದಿನ ಬೇಕು. ಅಷ್ಟರಲ್ಲಿ ಹೊಲಿಗೆ ಬಿಚ್ಚಿ, ಊರು ಸೇರಿ, ಕೆಲಸಕ್ಕೂ ನಿಂತಿರುತ್ತಾರೆ. ಆದರೆ ಕಾಯಿಲೆ ನಿಜಕ್ಕೂ ಏನಾಗಿತ್ತು ಎಂದು ಹೇಳುವುದು ಆ ಒಂದು ಹಾಳೆ. ಮುಂದೆ ಇನ್ನೇನಾದರೂ ಚಿಕಿತ್ಸೆ ಬೇಕೇ ಎಂದು ಹೇಳುವುದೂ ಅದೇ. ಡಿಸ್ಚಾರ್ಜ್ ಚೀಟಿಯಲ್ಲಿ ಗರ್ಭಕೊರಳನ್ನು ಉಳಿಸಿದ್ದಾರೆ ಎಂದಿದ್ದರೆ ವಿಐಎ ಅಥವಾ ಪ್ಯಾಪ್ ಪರೀಕ್ಷೆಯನ್ನು ಮುಂದೆಯೂ ಮಾಡಿಸುತ್ತಿರಬೇಕು. ಪಾವಗಡದಿಂದ ಮತ್ತೆ ನೂರು ಕಿಲೋಮೀಟರ್ ಹೋಗಿ ಆ ಹಾಳೆ ತರಲಾಗದಿದ್ದರೆ, ಫೋಟೋ ತೆಗೆದು ಮೊಬೈಲಿಗೆ ಕಳಿಸಿ ಎಂದು ಆಸ್ಪತ್ರೆಯವರಿಗೆ ಹೇಳಿ, ಮೂಲ ಪ್ರತಿಯನ್ನು ಮುಂದಿನ ಭೇಟಿಗೆ ತೆಗೆದಿಡಲು ಕೇಳಬಹುದು.